ಯಾರು ಬದಲಿಸಿದರು, ಏಕೆ ಬದಲಿಸಿದರು

ಒಮ್ಮೆ ಬರೆದುದನ್ನು ತಿದ್ದುವುದು ಬರವಣಿಗೆಯಷ್ಟೇ ಹಳೆಯ ಕಾರ್ಯ. ಓಲೆಗರಿಯ ಕಾಲದಲ್ಲಿ ಒಂದು ಪ್ರತಿಯಿಂದ ಮತ್ತೊಂದು ಪ್ರತಿಯನ್ನು ಎತ್ತುವಾಗ ಲಿಪಿಕಾರನು ಎಲ್ಲಿಯೋ ಒಂದು ಅಕ್ಷರವನ್ನು ಬಿಟ್ಟನು. ಎಲ್ಲಿಯೋ ಅರ್ಥವಾಗದ ಹಳೆಯ ಪದದ ಜಾಗದಲ್ಲಿ ತನಗೆ ತಿಳಿದ ಪದವನ್ನು ಇಟ್ಟನು. ಎಲ್ಲಿಯೋ ಕಣ್ಣು ಜಾರಿ ಒಂದು ಸಾಲನ್ನೇ ದಾಟಿಹೋದನು. ಹೀಗೆ ಹುಟ್ಟಿದ ಪಾಠಾಂತರಗಳನ್ನು ಕಲೆಹಾಕಿ, ಯಾವುದು ಕವಿಯ ಮಾತು, ಯಾವುದು ಲಿಪಿಕಾರನ ಕೈವಾಡ ಎಂದು ನಿಶ್ಚಯಿಸುವುದಕ್ಕೆ ಗ್ರಂಥಸಂಪಾದನೆಯೆಂಬ ಶಾಸ್ತ್ರವೇ ಬೆಳೆಯಬೇಕಾಯಿತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಕಷ್ಟದ ಅರಿವುಂಟು. ಹಸ್ತಪ್ರತಿಗಳು ನಮ್ಮ ಕೈಗೆ ಬಂದಿವೆ. ಅವುಗಳಲ್ಲಿ ಬದಲಾವಣೆಗಳು ಏಕೆ ನಡೆದುವೆಂಬುದು ಬಂದಿಲ್ಲ. ಅದನ್ನು ಸಂಪಾದಕನು ಊಹಿಸಿಯೇ ತಿಳಿಯಬೇಕು.

ಗಣಕಯಂತ್ರದ ತಂತ್ರಾಂಶವೂ ಮೂಲತಃ ಒಂದು ಬರವಣಿಗೆಯೇ ಆಗಿದೆ. ಅದನ್ನು ಒಬ್ಬರಲ್ಲ, ಹತ್ತಾರು, ಕೆಲವೊಮ್ಮೆ ಸಾವಿರಾರು ಜನ ಕೂಡಿ ಬರೆಯುತ್ತಾರೆ; ದಿನವೂ ತಿದ್ದುತ್ತಾರೆ. ಈ ತಿದ್ದುಪಡಿಗಳನ್ನು ಕ್ರಮವಾಗಿ ದಾಖಲಿಸುವ ವ್ಯವಸ್ಥೆಗಳು 1970ರ ದಶಕದಲ್ಲಿಯೇ ಹುಟ್ಟಿಕೊಂಡವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬುವರು ಇಂಥ ಮೊದಲ ಸಾಧನಗಳಲ್ಲೊಂದನ್ನು ರಚಿಸಿದರು. ಇಂದು ಬಹುಮಟ್ಟಿಗೆ ಎಲ್ಲೆಡೆ ಬಳಕೆಯಲ್ಲಿರುವ ‘ಗಿಟ್’ ಎಂಬುದು ಲೈನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರ ಕೈಯಲ್ಲಿ 2005ರ ಏಪ್ರಿಲ್‌ನಲ್ಲಿ ಹುಟ್ಟಿತು. ಕೆಲಸ ಆರಂಭವಾದ ಕೆಲವೇ ದಿನಗಳಲ್ಲಿ ಗಿಟ್ ತನ್ನ ಇತಿಹಾಸವನ್ನು ತಾನೇ ಬರೆದಿಡತೊಡಗಿತು. ಅದೇ ವರ್ಷ ಪಾಲ್ ಮ್ಯಾಕೆರಾಸ್ ಎಂಬುವರು ಆ ಇತಿಹಾಸವನ್ನು ಚಿತ್ರರೂಪದಲ್ಲಿ ಕಾಣಿಸುವ ‘ಗಿಟ್‌ಕೆ’ ಎಂಬ ಸಾಧನವನ್ನು ಸಿದ್ಧಪಡಿಸಿದರು. ಈ ಗಿಟ್‌ಕೆ ಸಾಧನಕ್ಕೆ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯಬೇಕೆಂದು ಮತ್ತಿಗಿರಿಯ ಒಬ್ಬ ತರುಣಿ ಹೊರಟಾಗ ಎದುರಾದ ಪ್ರಶ್ನೆಗಳು ಕನ್ನಡ ವಿಭಾಗದ ಓದುಗರಿಗೂ ಸಂಬಂಧಿಸಿದವು.

ಮತ್ತಿಗಿರಿಯು ಇಂದು ಹೊಸೂರು ಮಹಾನಗರದೊಳಗೆ ಸೇರಿಹೋಗಿರುವ ಊರು. ಅಲ್ಲಿಯ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಮಾತಿನೊಳಗೆ ಬೆರೆತು ಬರುತ್ತವೆ. ಸೇಲಂ ಜಿಲ್ಲೆಯಲ್ಲಿದ್ದ ಈ ಸೀಮೆ 1965ರಲ್ಲಿ ಧರ್ಮಪುರಿ ಜಿಲ್ಲೆಗೂ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಬೆಳಿಗ್ಗೆ ಜೂಜುವಾಡಿ, ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಹೋಗಿ ರಾತ್ರಿ ಹಿಂದಿರುಗುವವರು ಇಲ್ಲಿ ಬಹಳ ಮಂದಿ. ಆ ತರುಣಿಯೂ ಅವರಲ್ಲೊಬ್ಬಳು. ಕಚೇರಿಯಲ್ಲಿ ಆಕೆಯ ಕೆಲಸ ಇಂಗ್ಲಿಷಿನಲ್ಲಿ ಕೈಪಿಡಿಗಳನ್ನು ಬರೆಯುವುದು. ಮನೆಯ ಮಾತು ಕನ್ನಡ, ಶಾಲೆಯ ಮಾತು ಇನ್ನೊಂದು, ಯಂತ್ರದ ಮಾತು ಇಂಗ್ಲಿಷ್ ಆಗಿರುವ ಗಡಿಯ ಹುಡುಗರಿಗೆ, ಮೊದಲ ಬಾರಿಗೆ ತಂತ್ರಾಂಶದ ಕೆಲಸಕ್ಕೆ ಸೇರುವಾಗ, ತಮ್ಮ ಮಾತಿನಲ್ಲಿ ತಿಳಿಯಹೇಳುವ ಒಂದು ಹೊತ್ತಿಗೆಯಾದರೂ ಇರಬೇಕೆಂದು ಆಕೆ ಭಾನುವಾರಗಳನ್ನು ಅದಕ್ಕೆ ಮೀಸಲಿಟ್ಟಳು.

ಆ ಸಾಧನವನ್ನೇ ಆರಿಸಿಕೊಳ್ಳುವುದಕ್ಕೆ ಒಂದು ಕಾರಣವೂ ಇತ್ತು. ಆಕೆ ಮೊದಲು ಕೆಲಸಕ್ಕಿದ್ದ ಕಚೇರಿಯೊಂದರಲ್ಲಿ ಲೆಕ್ಕ ತಪ್ಪಿ ಗ್ರಾಹಕರಿಗೆ ತೊಂದರೆಯಾದಾಗ, ಹಿರಿಯರೊಬ್ಬರು ಇತಿಹಾಸವನ್ನು ತೆರೆದು ತಪ್ಪಿದ ಸಾಲಿನ ಎದುರಿಗೆ ಯಾರ ಹೆಸರಿದೆಯೆಂದು ನೋಡಿದರು. ಕೆಲಸಕ್ಕೆ ಸೇರಿ ಮೂರು ತಿಂಗಳೂ ತುಂಬದ ಹುಡುಗನ ಹೆಸರು ಅಲ್ಲಿತ್ತು. ಎಲ್ಲರ ಮುಂದೆ ಅವನನ್ನು ಎಬ್ಬಿಸಿ ಕೇಳಲಾಯಿತು. ಅವನು ತಲೆತಗ್ಗಿಸಿ ನಿಂತನು. ಸಂಜೆಯ ಹೊತ್ತಿಗೆ ಆಕೆಯೇ ಇನ್ನೆರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದಾಗ ತಿಳಿದದ್ದು ಬೇರೆ: ಆ ಹುಡುಗನು ಸಾಲಿನ ಮುಂದಿನ ಖಾಲಿಜಾಗವನ್ನು ಸರಿಹೊಂದಿಸಿದ್ದನು, ಅಷ್ಟೆ. ಲೆಕ್ಕದ ಸೂತ್ರವನ್ನು ಎರಡು ವರ್ಷದ ಹಿಂದೆ ಬೇರೊಬ್ಬರು ಬರೆದಿದ್ದರು. ಅದೂ ಅಂದಿನ ನಿಯಮಕ್ಕೆ ಸರಿಯಾಗಿಯೇ ಇತ್ತು. ನಡುವೆ ನಿಯಮವೇ ಬದಲಾಗಿತ್ತು. ತಪ್ಪು ಯಾರದೆಂದು ಕೇಳಿದ್ದರಿಂದ ಒಂದು ಹೆಸರು ಸಿಕ್ಕಿತು. ಹೀಗೇಕೆ ಆಯಿತೆಂದು ಕೇಳಿದ್ದರೆ ಕಾರಣ ಸಿಗುತ್ತಿತ್ತು. ಸಾಧನವು ಸುಳ್ಳು ಹೇಳಿರಲಿಲ್ಲ. ಅದನ್ನು ಓದುವ ಬಗೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೈಪಿಡಿಯು ಹೇಳಿಕೊಡಬೇಕಾದದ್ದು ಇದನ್ನೇ ಎಂದು ಆಕೆ ನಿಶ್ಚಯಿಸಿದಳು.

ಗಿಟ್‌ಕೆಯ ಕಿಟಕಿಯನ್ನು ತೆರೆದೊಡನೆ ಮೇಲ್ಭಾಗದಲ್ಲಿ ಒಂದು ಪಟ್ಟಿ ಕಾಣುತ್ತದೆ. ಪ್ರತಿಯೊಂದು ತಿದ್ದುಪಡಿಗೂ ಒಂದು ಚುಕ್ಕೆ. ಚುಕ್ಕೆಯ ಪಕ್ಕದಲ್ಲಿ ತಿದ್ದುಪಡಿಯ ತಲೆಬರಹ, ಮಾಡಿದವರ ಹೆಸರು, ದಿನಾಂಕ. ಹೊಸದು ಮೇಲೆ, ಹಳೆಯದು ಕೆಳಗೆ. ಸಾಮಾನ್ಯ ಚುಕ್ಕೆಗಳು ನೀಲಿ. ಬಳಕೆದಾರರು ಈಗ ನಿಂತಿರುವ ಜಾಗ ಹಳದಿ. ತಿದ್ದಿಯೂ ಇನ್ನೂ ದಾಖಲಿಸದೆ ಉಳಿದದ್ದಕ್ಕೆ ಕೆಂಪು ಚುಕ್ಕೆ. ಒಂದು ಚುಕ್ಕೆಯನ್ನು ಒತ್ತಿದರೆ ಕೆಳಗಿನ ಭಾಗದಲ್ಲಿ ಅಳಿಸಿದ ಸಾಲು ಕೆಂಪಾಗಿಯೂ ಸೇರಿಸಿದ ಸಾಲು ಹಸಿರಾಗಿಯೂ ತೋರುತ್ತವೆ. ಇಷ್ಟನ್ನು ವಿವರಿಸುವುದು ಸುಲಭ. ಚುಕ್ಕೆಗಳನ್ನು ಜೋಡಿಸುವ ಗೆರೆಗಳನ್ನು ವಿವರಿಸುವಲ್ಲಿ ಮೊದಲ ತೊಡಕು ಎದುರಾಯಿತು.

ಗಿಟ್‌ನ ಪರಿಭಾಷೆಯಲ್ಲಿ ಪ್ರತಿಯೊಂದು ತಿದ್ದುಪಡಿಗೂ ಒಂದು ‘ಪೇರೆಂಟ್’ ಇರುತ್ತದೆ. ಅಂದರೆ ಅದು ಯಾವ ತಿದ್ದುಪಡಿಯ ಮೇಲೆ ನಿಂತಿದೆಯೋ ಅದು. ಎರಡು ಕವಲುಗಳು ಕೂಡುವಲ್ಲಿ ಎರಡು ಇರುತ್ತವೆ. ಇದಕ್ಕೆ ತಂದೆಯೆನ್ನಬೇಕೆ, ತಾಯಿಯೆನ್ನಬೇಕೆ, ಪೂರ್ವಜವೆನ್ನಬೇಕೆ? ಉತ್ತರ ಸಿಕ್ಕಿದ್ದು ಮನೆಯಲ್ಲಿಯೇ. ಮತ್ತಿಗಿರಿಯಲ್ಲಿ ಒಂದು ದೊಡ್ಡ ಸರ್ಕಾರಿ ಜಾನುವಾರು ಕ್ಷೇತ್ರವಿದೆ. 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾಗಿ ಆಮೇಲೆ ದನಗಳ ತಳಿ ಬೆಳೆಸುವ ಕೇಂದ್ರವಾಯಿತು. ಕೆಂಪು ಸಿಂಧಿ ತಳಿಯ ಹಸುಗಳಿಗೆ ಅದು ಹೆಸರಾದದ್ದು. ಅಲ್ಲಿ ದುಡಿದಿದ್ದ ಆಕೆಯ ತಾತ ಗೆರೆಗಳ ಚಿತ್ರವನ್ನು ನೋಡಿ, “ಇದು ನಮ್ಮ ಫಾರಮ್ಮಿನ ರಿಜಿಸ್ಟ್ರು ಇದ್ದಂಗೆ ಐತಲ್ಲವ್ವಾ” ಎಂದರು. ಕರುವಿಗೆ ಒಂದು ಸಂಖ್ಯೆ. ಸಂಖ್ಯೆಯ ಮುಂದೆ ತಾಯಿಯ ಸಂಖ್ಯೆ, ಹೋರಿಯ ಸಂಖ್ಯೆ, ಹುಟ್ಟಿದ ದಿನ. ಯಾವ ಹಸುವಿನ ಹಾಲು ಏಕೆ ಕಡಿಮೆಯಾಯಿತೆಂದು ನೋಡಬೇಕಾದರೆ ಅದರ ತಾಯಿ, ತಾಯಿಯ ತಾಯಿ ಎಂದು ಹಿಂದಕ್ಕೆ ಪುಟ ತಿರುವುವುದು. ಕೈಪಿಡಿಯ ಎರಡನೆಯ ಅಧ್ಯಾಯಕ್ಕೆ ‘ವಂಶಾವಳಿಯನ್ನು ಓದುವುದು’ ಎಂಬ ಹೆಸರು ಹೀಗೆ ಬಂದಿತು. ಕವಲುಗಳು ಕೂಡಿದ ತಿದ್ದುಪಡಿಗೆ ಕರುವಿಗಿರುವಂತೆ ಇಬ್ಬರು ಹೆತ್ತವರು, ಉಳಿದವಕ್ಕೆ ಒಬ್ಬರೇ. ಮೊಟ್ಟಮೊದಲನೆಯದಕ್ಕೆ ಯಾರೂ ಇಲ್ಲ.

ಸಂಖ್ಯೆಯ ವಿಷಯದಲ್ಲಿ ಮಾತ್ರ ಗಿಟ್ ರಿಜಿಸ್ಟರಿಗಿಂತ ಒಂದು ಹೆಜ್ಜೆ ಮುಂದಿದೆ. ಪ್ರತಿ ತಿದ್ದುಪಡಿಗೂ ನಲವತ್ತು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಅದನ್ನು ಯಾರೂ ಮನಬಂದಂತೆ ಕೊಡುವುದಿಲ್ಲ. ಆ ಹೊತ್ತಿನ ಕಡತಗಳು, ಮಾಡಿದವರ ಹೆಸರು, ದಿನಾಂಕ, ಬರೆದ ಟಿಪ್ಪಣಿ, ಹೆತ್ತ ತಿದ್ದುಪಡಿಯ ಗುರುತು, ಇವೆಲ್ಲವನ್ನೂ ಗಣಿತಕ್ಕೆ ಒಳಪಡಿಸಿ ಪಡೆದ ಮೊತ್ತ ಅದು. ಹತ್ತು ವರ್ಷದ ಹಿಂದಿನ ಒಂದು ಅಕ್ಷರವನ್ನು ಬದಲಿಸಿದರೂ ಅದರ ಗುರುತು ಬದಲಾಗುತ್ತದೆ. ಅದರ ಮೇಲೆ ನಿಂತ ಎಲ್ಲವುಗಳ ಗುರುತೂ ಬದಲಾಗುತ್ತದೆ. ಹಳೆಯದನ್ನು ಹೊಸದಾಗಿ ಬರೆಯಲು ಬಾರದೆಂದಲ್ಲ. ಬರೆದರೆ ಹಿಂದಿನ ಪ್ರತಿಯನ್ನು ಇಟ್ಟುಕೊಂಡವರಿಗೆ ಅದು ತಿಳಿಯದೆ ಹೋಗುವುದಿಲ್ಲ.

ಎರಡನೆಯ ತೊಡಕು ಇಬ್ಬರ ಹೆಸರಿನದು. ಕೆಳಗಿನ ಭಾಗದಲ್ಲಿ ‘ಆಥರ್’ ಎಂದೊಂದು ಹೆಸರೂ ‘ಕಮಿಟರ್’ ಎಂದೊಂದು ಹೆಸರೂ ಬರುತ್ತವೆ. ಬಹಳ ಸಲ ಎರಡೂ ಒಬ್ಬರೇ ಆಗಿರುವುದರಿಂದ ಹೊಸಬರು ಇದನ್ನು ಪುನರುಕ್ತಿಯೆಂದು ಬಗೆಯುತ್ತಾರೆ. ತಿದ್ದುಪಡಿಯನ್ನು ರಚಿಸಿದವರು ಒಬ್ಬರು, ಅದನ್ನು ಪರಿಶೀಲಿಸಿ ಮೂಲಕ್ಕೆ ಸೇರಿಸಿದವರು ಮತ್ತೊಬ್ಬರು ಆಗಿರಬಹುದೆಂಬುದು ಅದರ ಅರ್ಥ. ಕನ್ನಡ ಓದುಗರಿಗೆ ಇದನ್ನು ತಿಳಿಸಲು ಹೊಸ ದೃಷ್ಟಾಂತ ಬೇಕಾಗಲಿಲ್ಲ. ನಮ್ಮ ಹಲವು ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನ ಹೆಸರೂ ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಬರುತ್ತವೆ. ಹಸ್ತಪ್ರತಿಗಳ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರನ್ನೂ ಬರೆದು ಮುಗಿಸಿದ ದಿನವನ್ನೂ ಹೇಳಿಕೊಳ್ಳುವುದುಂಟು. ‘ರಚಿಸಿದವರು’, ‘ಸೇರಿಸಿದವರು’ ಎಂಬ ಎರಡು ಸರಳ ಪದಗಳನ್ನು ಇಟ್ಟು, ಪಕ್ಕದಲ್ಲಿ ಶಾಸನದ ಈ ಮಾತನ್ನು ಒಂದು ವಾಕ್ಯದಲ್ಲಿ ಸೇರಿಸಿದ್ದೇ ಸಾಕಾಯಿತು.

ಮೂರನೆಯದು ಎಲ್ಲಕ್ಕಿಂತ ಕಠಿಣವಾಗಿತ್ತು. ಕಡತದ ಪ್ರತಿ ಸಾಲನ್ನೂ ಕೊನೆಯ ಬಾರಿ ಮುಟ್ಟಿದವರು ಯಾರೆಂದು ತೋರಿಸುವ ಆಜ್ಞೆಗೆ ಗಿಟ್‌ನಲ್ಲಿ ‘ಬ್ಲೇಮ್’ ಎಂದು ಹೆಸರು. ದೂಷಣೆಯೆಂಬ ಪದವೇ ಆಜ್ಞೆಯ ಹೆಸರಾದಾಗ ಅದನ್ನು ಬಳಸುವವರ ಮನಸ್ಸೂ ಅತ್ತಲೇ ವಾಲುವುದು ಸಹಜ. ಇದಕ್ಕೂ ಹಿಂದಿನ ಸಬ್‌ವರ್ಷನ್ ಎಂಬ ವ್ಯವಸ್ಥೆಯಲ್ಲಿ ಇದೇ ಆಜ್ಞೆಗೆ ‘ಬ್ಲೇಮ್’ ಎಂದೂ ‘ಪ್ರೈಸ್’ ಎಂದೂ, ಅಂದರೆ ನಿಂದೆಯೆಂದೂ ಸ್ತುತಿಯೆಂದೂ, ಎರಡು ಹೆಸರುಗಳನ್ನು ವಿನೋದಕ್ಕೆಂಬಂತೆ ಇಟ್ಟಿದ್ದರು. ಯಾವುದನ್ನು ಬರೆದರೂ ಬರುವ ಉತ್ತರ ಒಂದೇ. ಕನ್ನಡದಲ್ಲಿ ಆಕೆ ಮೊದಲು ‘ಹೊಣೆ’ ಎಂದು ಬರೆದಳು. ದೂಷಣೆಗಿಂತ ಅದು ಮೆದುವಾದ ಮಾತು. ಕರಡನ್ನು ಓದಿಸಿ ಕೇಳಿದ ತಾತ ಒಪ್ಪಲಿಲ್ಲ.

“ಹೊಣೆ ಅಂದ್ರೂ ಕೊನೆಗೆ ಒಬ್ಬನ ತಲೆ ಮೇಲೇ ಹಾಕ್ದಂಗೆ ಆಯ್ತಲ್ಲ ಮಗಾ. ಕೊನೇಲಿ ಹಗ್ಗ ಹಿಡಿದಿದ್ದವನೇ ಹಸು ಕಳೆದ ಅಂತೀಯಾ?”

“ಮತ್ತೇನಂತ ಬರೀಲಿ ತಾತ?”

“ಎಲ್ಲಿಂದ ಬಂತು ಅಂತ ಕೇಳು. ಯಾರು ಕಳೆದ್ರು ಅಂತ ಯಾಕ್ ಕೇಳ್ತೀಯಾ?”

ಗಿಟ್‌ಕೆಯನ್ನು ಮತ್ತೆ ತೆರೆದು ನೋಡಿದರೆ, ಒಂದು ಸಾಲಿನ ಮೇಲೆ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಈ ಸಾಲಿನ ಮೂಲವನ್ನು ತೋರಿಸು’ ಎಂಬರ್ಥದ ಆಯ್ಕೆಯೊಂದು ಇದ್ದೇ ಇತ್ತು. ಬ್ಲೇಮ್ ಎಂಬ ಪದವೂ ಆ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಉಂಟು. ಕೈಪಿಡಿಯಲ್ಲಿ ‘ಸಾಲಿನ ಮೂಲ’ ಎಂಬುದೇ ಉಳಿಯಿತು. ಪದದೊಂದಿಗೆ ಅಧ್ಯಾಯದ ಕ್ರಮವೂ ಬದಲಾಯಿತು. ಇಂಗ್ಲಿಷಿನ ಕೈಪಿಡಿಗಳು ಆಜ್ಞೆಯನ್ನು ಮೊದಲು ಹೇಳಿ ಅದರ ಮಿತಿಗಳನ್ನು ಕೊನೆಯಲ್ಲಿ ಇಡುತ್ತವೆ. ಇಲ್ಲಿ ಮಿತಿಗಳು ಮೊದಲು ಬಂದವು. ತೋರುವ ಹೆಸರು ಕೊನೆಯಲ್ಲಿ ಮುಟ್ಟಿದವರದು. ಯೋಚಿಸಿ ಬರೆದವರದೇ ಆಗಿರಬೇಕಾಗಿಲ್ಲ. ಖಾಲಿಜಾಗದ ವ್ಯತ್ಯಾಸವನ್ನು ಬಿಟ್ಟು ನೋಡುವಂತೆ ಸಾಧನಕ್ಕೆ ಹೇಳಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಸಾಲಿನ ಹಳೆಯ ಜಾಗವನ್ನು ಹುಡುಕುವಂತೆಯೂ ಹೇಳಬಹುದು. ಕಡತವನ್ನೆಲ್ಲ ಒಂದೇ ಸಲ ಓರಣಗೊಳಿಸಿದ ತಿದ್ದುಪಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಪಟ್ಟಿಮಾಡಿ ಕೊಡುವ ಅನುಕೂಲವು 2019ರಿಂದ ಗಿಟ್‌ನಲ್ಲಿ ಇದೆ. ಇವು ಮೂರನ್ನೂ ಮಾಡದೆ ಯಾರ ಹೆಸರನ್ನೂ ಎತ್ತಬಾರದೆಂದು ಕೈಪಿಡಿಯು ಸ್ಪಷ್ಟವಾಗಿ ಹೇಳುತ್ತದೆ.

ನಾಲ್ಕನೆಯ ತೊಡಕು ಕನ್ನಡಕ್ಕೇ ವಿಶೇಷವಾದುದು. ಕಡತಕ್ಕೆ ‘ಮತ್ತಿಗಿರಿ’ ಎಂದು ಕನ್ನಡದಲ್ಲಿ ಹೆಸರಿಟ್ಟು ಗಿಟ್‌ನ ಆಜ್ಞೆಯೊಂದರಿಂದ ಬದಲಾದ ಕಡತಗಳ ಪಟ್ಟಿಯನ್ನು ಕೇಳಿದರೆ ಹೆಸರಿನ ಜಾಗದಲ್ಲಿ ಓರೆಗೆರೆಗಳ ನಡುವೆ ಅಂಕಿಗಳ ಸಾಲೊಂದು ಬರುತ್ತದೆ. ‘ಮ’ ಎಂಬ ಒಂದಕ್ಷರವೇ 340, 262, 256 ಎಂದು ಮೂರು ತುಂಡಾಗಿ ತೋರುತ್ತದೆ. ಮೊದಲ ಬಾರಿಗೆ ನೋಡಿದವರು ತಮ್ಮ ಕಡತವೇ ಕೆಟ್ಟಿತೆಂದು ಹೆದರಿ, ಮುಂದೆ ಎಲ್ಲಕ್ಕೂ ಇಂಗ್ಲಿಷಿನ ಹೆಸರನ್ನೇ ಇಡುತ್ತಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಇಂಗ್ಲಿಷ್ ಲಿಪಿಯ ಆಚೆಗಿನ ಅಕ್ಷರಗಳನ್ನು ಗಿಟ್ ತಾನಾಗಿಯೇ ಹೀಗೆ ಸಂಖ್ಯೆಗಳಾಗಿ ಬರೆದು ತೋರಿಸುತ್ತದೆ. ‘ಕೋರ್ ಕೋಟ್‌ಪಾತ್’ ಎಂಬ ಒಂದು ಏರ್ಪಾಡನ್ನು ‘ಬೇಡ’ ಎಂದು ಬದಲಿಸಿದರೆ ಕನ್ನಡದ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ. ಗಿಟ್‌ನ ಮೂಲ ಕೈಪಿಡಿಯಲ್ಲಿ ಇದು ನೂರಾರು ಏರ್ಪಾಡುಗಳ ನಡುವೆ ಎಲ್ಲಿಯೋ ಇರುವ ಒಂದು ಟಿಪ್ಪಣಿ. ಕನ್ನಡದ ಕೈಪಿಡಿಯಲ್ಲಿ ಇದು ಮೊದಲ ಪುಟದಲ್ಲಿದೆ. ಭಾಷಾಂತರಕ್ಕೂ ತನ್ನ ಜನಕ್ಕಾಗಿ ಬರೆಯುವುದಕ್ಕೂ ಇರುವ ಭೇದ ಇಂಥಲ್ಲಿ ಕಾಣುತ್ತದೆ: ಅನುವಾದಕನು ಇದ್ದ ಪುಟವನ್ನು ಇದ್ದಲ್ಲಿಯೇ ಕನ್ನಡಿಸುತ್ತಾನೆ, ಓದುಗರನ್ನು ಬಲ್ಲವನು ಅವರು ಎಡವುವ ಜಾಗವನ್ನು ಮೊದಲು ಹೇಳುತ್ತಾನೆ.

ಇವೆಲ್ಲ ಆದ ಮೇಲೂ ಒಂದು ಅಧ್ಯಾಯ ಉಳಿಯಿತು. ಸಾಧನವು ಏನು, ಯಾರು, ಯಾವಾಗ ಎಂಬ ಮೂರಕ್ಕೆ ತಾನಾಗಿಯೇ ಉತ್ತರ ಕೊಡುತ್ತದೆ. ಏಕೆ ಎಂಬುದಕ್ಕೆ ಕೊಡಲಾರದು. ಅದನ್ನು ತಿದ್ದಿದವರೇ ಟಿಪ್ಪಣಿಯಲ್ಲಿ ಬರೆದಿರಬೇಕು. ಹೊಸೂರು ಕಡೆಯ ರೈತರಿಗೆ ಉಪನೋಂದಣಿ ಕಚೇರಿಯ ವಿಲ್ಲಂಗ ಪತ್ರ ಗೊತ್ತು. ಕರ್ನಾಟಕದಲ್ಲಿ ಅದನ್ನು ಇ.ಸಿ. ಎನ್ನುತ್ತಾರೆ. ಒಂದು ಹೊಲ ಯಾವ ದಿನ ಯಾರಿಂದ ಯಾರಿಗೆ ಹೋಯಿತು, ಯಾವಾಗ ಅಡವಾಯಿತು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಅಣ್ಣನು ಮಗಳ ಮದುವೆಗೆ ಮಾರಿದನೋ, ಬಾವಿ ಬತ್ತಿ ಮಾರಿದನೋ ಎಂಬುದು ಇರುವುದಿಲ್ಲ. ಮೂವತ್ತು ವರ್ಷದ ಮೇಲೆ ಅಣ್ಣತಮ್ಮಂದಿರ ಮಕ್ಕಳು ಜಗಳವಾಡುವುದು ಬಹುತೇಕ ಆ ಇಲ್ಲದ ಮಾತಿನ ಮೇಲೆಯೇ. ತಂತ್ರಾಂಶದ ಇತಿಹಾಸದಲ್ಲಿಯೂ ‘ಸರಿಪಡಿಸಿದೆ’, ‘ಬದಲಿಸಿದೆ’, ‘ಮತ್ತೆ ಸರಿಪಡಿಸಿದೆ’ ಎಂಬ ಟಿಪ್ಪಣಿಗಳೇ ಪುಟಗಟ್ಟಲೆ ತುಂಬಿರುವುದುಂಟು. ಅಂಥ ಇತಿಹಾಸವನ್ನು ಎಷ್ಟು ಒಳ್ಳೆಯ ಸಾಧನದಿಂದ ನೋಡಿದರೂ ಕಾಣುವುದು ಹೆಸರು ಮಾತ್ರ; ಹೆಸರು ಮಾತ್ರ ಕಂಡಲ್ಲಿ ದೂಷಣೆಯೇ ಹುಟ್ಟುತ್ತದೆ.

ಆದುದರಿಂದ ಇತಿಹಾಸವನ್ನು ನೋಡುವ ಕೈಪಿಡಿಯ ಕೊನೆಯ ಅಧ್ಯಾಯವು ಇತಿಹಾಸವನ್ನು ಬರೆಯುವುದರ ಕುರಿತದ್ದಾಯಿತು. ಟಿಪ್ಪಣಿಯ ಮೊದಲ ಸಾಲು ಐವತ್ತು ಅಕ್ಷರಗಳ ಒಳಗಿದ್ದು ಏನು ಮಾಡಿದೆಯೆಂಬುದನ್ನು ಹೇಳಬೇಕು. ಒಂದು ಸಾಲು ಬಿಟ್ಟು, ಏಕೆ ಮಾಡಿದೆ, ಬೇರೆ ದಾರಿ ಇದ್ದರೆ ಅದನ್ನು ಏಕೆ ಬಿಟ್ಟೆ ಎಂಬುದನ್ನು ಬಿಡಿಸಿ ಬರೆಯಬೇಕು. ಮೊದಲನೆಯ ಕಚೇರಿಯ ಆ ಲೆಕ್ಕದ ಸೂತ್ರದ ಜೊತೆ ‘ಈ ವರ್ಷದ ನಿಯಮದಂತೆ, ನಿಯಮ ಬದಲಾದರೆ ಇದನ್ನೂ ಬದಲಿಸಬೇಕು’ ಎಂಬ ಒಂದು ವಾಕ್ಯವಿದ್ದಿದ್ದರೆ ಆ ಹುಡುಗನು ಎಲ್ಲರ ಮುಂದೆ ನಿಲ್ಲಬೇಕಾಗಿರಲಿಲ್ಲ. ಟಿಪ್ಪಣಿಯನ್ನು ಕನ್ನಡದಲ್ಲಿಯೂ ಬರೆಯಬಹುದು. ಗಿಟ್ ಅದನ್ನು ತಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಮೂರು ಪದಕ್ಕೆ ನಿಲ್ಲುವ ಕೈ ತನ್ನ ಮಾತಿನಲ್ಲಿ ಕಾರಣವನ್ನು ಪೂರ್ತಿಯಾಗಿ ಹೇಳೀತು.

ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಇದರಿಂದ ನೇರವಾದ ಪ್ರಯೋಜನವೂ ಉಂಟು. ಗಿಟ್‌ಗೆ ತಂತ್ರಾಂಶವೇ ಬೇಕೆಂದೇನಿಲ್ಲ. ಯಾವ ಸರಳ ಪಠ್ಯವಾದರೂ ಆದೀತು. ಗದ್ಯದ ಒಂದು ಕಂಡಿಕೆಯಲ್ಲಿ ಒಂದು ಪದವನ್ನು ತಿದ್ದಿದರೆ ಸಾಧನವು ಇಡೀ ಕಂಡಿಕೆಯನ್ನೇ ಕೆಂಪು-ಹಸಿರಾಗಿ ತೋರಿಸುತ್ತದೆ. ಆದರೆ ಗಿಟ್‌ಕೆಯಲ್ಲಿ ಸಾಲಿನ ಬದಲು ಪದಗಳ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಆಯ್ಕೆಯೂ ಇದೆ. ಹಸ್ತಪ್ರತಿಯೊಂದರ ಎರಡು ಪಾಠಗಳನ್ನು ಒಂದರ ಮೇಲೊಂದು ದಾಖಲಿಸಿ ಹೀಗೆ ನೋಡಿದರೆ ಪಾಠಾಂತರಗಳು ತಾವಾಗಿಯೇ ಎದ್ದು ತೋರುತ್ತವೆ. ಯಾವ ಪಾಠವನ್ನು ಏಕೆ ಸ್ವೀಕರಿಸಿದೆಯೆಂಬ ಸಂಪಾದಕನ ವಿವೇಚನೆಗೆ ಟಿಪ್ಪಣಿಯಲ್ಲಿ ಜಾಗವಿದೆ. ಓಲೆಗರಿಯ ಲಿಪಿಕಾರನಿಗೆ ಇಲ್ಲದಿದ್ದ ಅವಕಾಶ ಅದು.

ಕೈಪಿಡಿಯನ್ನೂ ಆಕೆ ಗಿಟ್‌ನಲ್ಲಿಯೇ ಇಟ್ಟಿದ್ದಾಳೆ. ಅದರ ಇತಿಹಾಸವನ್ನು ತೆರೆದರೆ ‘ಹೊಣೆ’ ಎಂಬ ಪದ ಕೆಂಪಾಗಿ, ‘ಸಾಲಿನ ಮೂಲ’ ಎಂಬುದು ಹಸಿರಾಗಿ ತೋರುವ ತಿದ್ದುಪಡಿಯೊಂದು ಸಿಗುತ್ತದೆ. ಅದರ ಟಿಪ್ಪಣಿಯಲ್ಲಿ ಮೊದಲ ಸಾಲು ಬದಲಾವಣೆಯನ್ನು ಹೇಳುತ್ತದೆ. ಒಂದು ಸಾಲು ಬಿಟ್ಟು ಕೆಳಗೆ, ಕೊನೆಯಲ್ಲಿ ಹಗ್ಗ ಹಿಡಿದಿದ್ದವನೇ ಹಸುವನ್ನು ಕಳೆದವನಲ್ಲವೆಂದು ತಾತ ಹೇಳಿದ ಕಾರಣಕ್ಕೆ ಈ ಪದವನ್ನು ಬಿಟ್ಟಿದೆಯೆಂದು ಬರೆದಿದೆ.